ಅತ್ತೆ ಊಟ ಮಾಡುತ್ತಿರುವ ಚಿತ್ರ

ನಮ್ಮತ್ತೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ, ಎರಡೂವರೆ ವರ್ಷ ನಾನು ಬಂಗಾರಪೇಟೆ ದಾಟಿ ಆಚೆಗೆ ಹೋಗಲಿಲ್ಲ. ಹೋಗಬೇಡ ಅಂತ ಯಾರೂ ಅಂದಿರಲಿಲ್ಲ, ಅದೇ ನೋಡಿ ತಮಾಷೆ. ಬಾಗಿಲು ತೆಗೆದೇ ಇತ್ತು, ಚಪ್ಪಲಿ ಹೊರಗೇ ಇತ್ತು. ಆದರೆ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಏಳೂವರೆಗೆ ಅವರ ಬಾಯಿಗೆ ತುತ್ತಿಡೋದಕ್ಕೆ ನಾನಿರಬೇಕು. ನಾನೇ ಇರಬೇಕು. ಆ ಮೂರು ಹೊತ್ತಿನ ನಡುವೆ ಎಷ್ಟು ದೂರ ಹೋಗಿ ಬರಬಹುದೋ ಅಷ್ಟೇ ನನ್ನ ಪ್ರಪಂಚ.

ಎಡಗೈಗೆ ಏನೂ ಆಗಿರಲಿಲ್ಲ. ಆ ಕೈಯಲ್ಲಿ ಕೋಲು ಹಿಡಿದು ಬಚ್ಚಲಿಗೆ ಹೋಗ್ತಾರೆ, ಸೆರಗು ಸರಿ ಮಾಡ್ಕೊಳ್ತಾರೆ, ಸೊಳ್ಳೆ ಹೊಡೀತಾರೆ, ಟಿ.ವಿ. ರಿಮೋಟು ಒತ್ತಿ ನಾನು ನೋಡ್ತಿರೋ ಚಾನೆಲ್ ಬದಲಾಯಿಸ್ತಾರೆ. ಬಾಯಿ ಹತ್ತಿರಕ್ಕೆ ಮಾತ್ರ ಒಯ್ಯಲ್ಲ. "ಬೆಳಿಗ್ಗೆ ತೊಳ್ಕಂಡ ಕೈಯಾಗೆ ಅನ್ನ ಮುಟ್ಟು ಅಂತೀಯಲ್ಲೇ, ನಾನು ಮನುಸಳೋ ಇನ್ನೇನೋ?" ಅಂತ ಮೊದಲ ವಾರವೇ ಹೇಳಿಬಿಟ್ಟರು. ಸೋಪು ಹಾಕಿ ತೊಳೆಯೋಣ ಅತ್ತೆ ಅಂದೆ. ಮುಖ ತಿರುಗಿಸಿದರು. ಚಮಚ ತಂದೆ. ಮುದ್ದೆಯನ್ನ ಚಮಚದಲ್ಲಿ ತಿಂದೋರನ್ನ ನೀವು ಯಾರಾದ್ರೂ ನೋಡಿದೀರಾ? ಅಂಟಿಕೊಂಡು ಗೋಂದಾಯಿತು. ನಮ್ಮವರು ತಾವೇ ತಿನ್ನಿಸ್ತೀನಿ ಅಂತ ಕೂತರೆ, ಮಗನ ಕೈಲಿ ತುತ್ತು ಇಸ್ಕೊಳ್ಳೋ ಕಾಲ ಬಂತಾ ಅಂತ ಅತ್ತು ತಟ್ಟೆಯನ್ನೇ ನೂಕಿದರು. ನಮ್ಮ ಮನೆಸಾಲಿನ ಪಕ್ಕದ ಸಾಲು, ಪಕ್ಕದ ಲೈನು ಅಂತೀವಿ, ಅಲ್ಲಿನ ಒಬ್ಬ ಅಮ್ಮನನ್ನ ಗೊತ್ತು ಮಾಡಿದೆ. ಪಾಪ ಆಕೆ ತಮಿಳಿನಲ್ಲಿ "ಸಾಪ್ಪಿಡುಂಗಮ್ಮಾ, ಸಾಪ್ಪಿಡುಂಗ", ಉಣ್ಣಿ ಅಂತ ಎರಡು ದಿನ ಗೋಗರೆದಳು. ಇವರು ಹಲ್ಲು ಕಚ್ಚಿಕೊಂಡು ಕೂತರು. ಮೂರನೇ ದಿನ ಆಕೆ ಬರಲಿಲ್ಲ.

ಅತ್ತೆ ಬಂಗಾರಪೇಟೆ ಹತ್ತಿರದ ಹಳ್ಳಿಯವರು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕ್ಕೊಂಡು ಇದ್ದೋರು. ಅವರ ಮಾತಿನಲ್ಲೇ ಹೇಳೋದಾದರೆ, ಜಗಲಿ ಮೇಲೆ ಕೂತರೆ ದಾರೀಲಿ ಓಗೋ ನಾಯಿನೂ ಮಾತಾಡಿಸ್ಕೊಂಡು ಓಗ್ತಿತ್ತು. ಲಕ್ವ ಆದ ಮೇಲೆ ಹಸು ಕೊಟ್ಟು, ಚಿನ್ನದ ಗಣಿ ಊರಿನ ಕೋರಮಂಡಲ್ ಕಡೆಯ ನಮ್ಮ ಕ್ವಾರ್ಟರ್ಸಿಗೆ ಕರೆತಂದೆವು. ನಮ್ಮವರಿಗೆ ಕಾರ್ಖಾನೆಯಲ್ಲಿ ಶಿಫ್ಟು ಕೆಲಸ. ನಮ್ಮಪ್ಪನೂ ಅದೇ ಕಾರ್ಖಾನೆಗೆಂದು ಹಾವೇರಿ ಕಡೆಯಿಂದ ಬಂದೋರು, ಹಾಗಾಗಿ ನಾನು ಇಲ್ಲೇ ಹುಟ್ಟಿ, ಇಲ್ಲಿನ ಮೂರು ಭಾಷೇಲೂ ಜಗಳ ಆಡೋದು ಕಲಿತೋಳು. ಅತ್ತೆಗೆ ಕನ್ನಡ ಬರುತ್ತೆ, ತೆಲುಗು ಬರುತ್ತೆ. ನಮ್ಮ ಅಕ್ಕಪಕ್ಕದಲ್ಲಿ ಇರೋರೆಲ್ಲ ತಮಿಳು.

ನನ್ನ ಕೆಲಸದ ವಿಷಯ ಹೇಳಬೇಕು. ನಾನು ಚಿತ್ರದ ಅಚ್ಚು ಮಾಡ್ತೀನಿ. ಲಿನೋ ಅಂತ ನೆಲಕ್ಕೆ ಹಾಸೋ ಥರದ ಒಂದು ದಪ್ಪ ಹಾಳೆ ಬರುತ್ತೆ, ಅದರ ಮೇಲೆ ಚಿತ್ರ ಬರೆದು, ಸಣ್ಣ ಉಳಿಯಿಂದ ಬೇಡದ್ದನ್ನ ಕೆತ್ತಿ ತೆಗೆದು, ಉಳಿದಿದ್ದಕ್ಕೆ ಮಸಿ ಸವರಿ, ಕಾಗದ ಇಟ್ಟು ಉಜ್ಜಿದರೆ ಚಿತ್ರ ಕಾಗದಕ್ಕೆ ಇಳಿಯುತ್ತೆ. ಉಜ್ಜೋದು ಹುಳಿಸಾರಿನ ಸೌಟಿನ ಬೆನ್ನಲ್ಲಿ. ದೊಡ್ಡ ದೊಡ್ಡ ಕಲಾವಿದರು ಕೇಳಿದರೆ ನಗ್ತಾರೇನೋ, ನಗಲಿ. ಒಂದು ಅಚ್ಚಿನಿಂದ ಮೂವತ್ತು ನಲವತ್ತು ಹಾಳೆ ಬರುತ್ತೆ, ಆದ್ದರಿಂದ ಅಗ್ಗಕ್ಕೆ ಕೊಡಬಹುದು. ನಾಲ್ಕು ಸೀರೆಗೆ ಫಾಲ್ಸ್ ಹೊಲಿಸೋ ದುಡ್ಡಿಗೆ ನಮ್ಮಂಥೋರೂ ಒಂದು ಚಿತ್ರ ತಗೊಂಡು ಗೋಡೆಗೆ ಹಾಕ್ಕೊಳ್ಳಲಿ ಅನ್ನೋದು ನನ್ನ ಆಸೆ.

ಬರೆಯೋದು ದಿನಾ ಕಾಣೋದನ್ನೇ. ಮೆಟ್ಟಿಲ ಮೇಲೆ ಕೂತು ಮಗಳ ತಲೆ ನೋಡೋ ತಾಯಿ. ಅವರೆಕಾಯಿ ಸುಲಿಯುತ್ತಾ ಜಗಳ ಆಡೋ ಅಕ್ಕತಂಗಿ. ಮಾರಿಕುಪ್ಪಂನಿಂದ ಬೆಳಿಗ್ಗೆ ಹೊರಡೋ ರೈಲಿನಲ್ಲಿ, ಗುರುತೇ ಇಲ್ಲದವಳ ಭುಜಕ್ಕೆ ತಲೆ ಕೊಟ್ಟು ಬಾಯಿ ಬಿಟ್ಕೊಂಡು ಮಲಗಿರೋ ಹೆಂಗಸು. ಮೊದಮೊದಲು ನಮ್ಮ ಲೈನಿನೋರು ಅವನ್ನೆಲ್ಲ ತಿರುಗಿಸಿ ಮುರುಗಿಸಿ ನೋಡಿ, "ಇದರಲ್ಲಿ ದೇವರು ಎಲ್ಲಮ್ಮಾ?" ಅಂತ ಕೇಳೋರು. ಗೋಡೆ ಅಂದರೆ ದೇವರಿಗೆ, ಕ್ಯಾಲೆಂಡರಿಗೆ, ತೀರಿಕೊಂಡೋರಿಗೆ. ಬದುಕಿರೋ ಹೆಂಗಸು ಹೇನು ಹೆಕ್ಕೋದನ್ನ ಯಾರು ಮೊಳೆ ಹೊಡೆದು ತೂಗುಹಾಕ್ತಾರೆ? ಆಮೇಲೆ ಎದುರು ಮನೆಯಾಕೆ ರೈಲಿನಲ್ಲಿ ಮಲಗಿರೋದು ತನ್ನ ತಂಗಿ ಥರವೇ ಇದೆ ಅಂತ ಒಂದು ತಗೊಂಡು ಟಿ.ವಿ. ಪಕ್ಕದ ಶೋಕೇಸಿನಲ್ಲಿ ಇಟ್ಟಳು. ಅಲ್ಲಿಂದ ಒಬ್ಬೊಬ್ಬರೇ ಕೇಳೋಕೆ ಶುರು ಮಾಡಿದರು. ಬೆಂಗಳೂರಿನಲ್ಲಿ ಅಚ್ಚಿನ ಯಂತ್ರ ಇಟ್ಟುಕೊಂಡು ಕಲಿಸೋ ಒಬ್ಬ ಮೇಡಂ ಫೋನಿನಲ್ಲೇ ಫೋಟೋ ನೋಡಿ, ಅಂಚೆಯಲ್ಲಿ ತರಿಸಿಕೊಂಡು ಮಾರಿಕೊಡತೊಡಗಿದರು.

ಮಸಿ ಸವರುವಾಗ ಕಿಟಕಿ ಎಲ್ಲಾ ಮುಚ್ಚಬೇಕು. ಇಲ್ಲದಿದ್ದರೆ ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದು, ಹಿಟ್ಟಿನಂಥ ಧೂಳು ಬಂದು ಹಸಿ ಮಸಿ ಮೇಲೆ ಕೂತುಬಿಡುತ್ತೆ. ಹಾಗಾಗಿ ಅಡುಗೆಮನೆಯ ಕಿಟಕಿ ಮುಚ್ಚಿ, ಬಾಗಿಲು ಎಳೆದುಕೊಂಡು, ಬೆವರಲ್ಲಿ ಮುಳುಗಿ ಕೆಲಸ. ಮುಂದಿನ ಕೋಣೆಯಲ್ಲಿ ಅತ್ತೆ ಟಿ.ವಿ. ಮುಂದೆ. ಕೈ ತೊಳೆದುಕೊಂಡು ಹೊರಗೆ ಬಂದರೆ ಅವರ ಊಟದ ಹೊತ್ತು. ಮುದ್ದೆಯನ್ನ ಇನ್ನೊಬ್ಬರಿಗೆ ತಿನ್ನಿಸೋದು ಹೇಳಿದಷ್ಟು ಸುಲಭ ಅಲ್ಲ ರೀ. ತುತ್ತಿನ ಅಳತೆ ಅವರವರ ಗಂಟಲಿಗೇ ಗೊತ್ತು. ಸಣ್ಣದಾದರೆ "ಇರುವೆಗೆ ಇಕ್ತೀಯಾ?" ದೊಡ್ಡದಾದರೆ "ಸಾಯಿಸ್ತೀಯಾ?" ಒಂದು ಮುದ್ದೆ ಮುಗಿಯೋಕೆ ಮುಕ್ಕಾಲು ಗಂಟೆ. ಊರಲ್ಲಿ ಯಾರ ಹಸು ಎಷ್ಟು ಲೀಟರು ಕೊಡ್ತಿತ್ತು, ಯಾರ ಮಗಳು ಯಾರ ಜೊತೆ ಓಡಿಹೋದಳು, ಎಲ್ಲಾ ಆ ಮುಕ್ಕಾಲು ಗಂಟೆಯಲ್ಲೇ ಹೇಳ್ತಿದ್ದರು. ನಾನು ಹ್ಞೂಂ ಅಂತಾ, ಮನಸ್ಸಿನಲ್ಲಿ ಅರ್ಧಕ್ಕೆ ಬಿಟ್ಟ ಕೆತ್ತನೆಯನ್ನೇ ಕೆತ್ತುತ್ತಾ ಇರ್ತಿದ್ದೆ.

ಹೋದ ವರ್ಷ ಆ ಮೇಡಂ ಫೋನ್ ಮಾಡಿ ಹತ್ತು ದಿನ ಬನ್ನಿ ಅಂದರು. ಅವರಲ್ಲಿ ದೊಡ್ಡ ಯಂತ್ರ ಇದೆ, ಉಳಕೊಳ್ಳೋಕೆ ಕೋಣೆ ಇದೆ, ಬೇರೆ ಊರಿಂದ ಇನ್ನೂ ನಾಲ್ಕು ಜನ ಹೆಂಗಸರು ಬರ್ತಾರೆ, ಎಲ್ಲರೂ ಕೂತು ಬರೀ ಅಚ್ಚಿನ ಕೆಲಸ ಮಾಡೋದು. ಹತ್ತು ದಿನ! ನನಗೆ ಆಗಲೇ ನಲವತ್ತೊಂದು. ನನ್ನ ಕೆಲಸ ಮಾಡೋ ಇನ್ನೊಬ್ಬರನ್ನ ನಾನು ಕಣ್ಣಾರೆ ಕಂಡಿರಲಿಲ್ಲ. ಆ ಯಂತ್ರದ ಚಕ್ರ ತಿರುಗಿಸೋದನ್ನ ನೆನೆಸಿಕೊಂಡು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಅತ್ತೆ ಕಾಲ ಹತ್ತಿರ ಕೂತು ಕೇಳಿದೆ. ಗಂಜಿ ಹಿಟ್ಟು ಮಾಡಿಟ್ಟು ಹೋಗ್ತೀನಿ, ಮುದ್ದೆ ಇವರು ಮಾಡ್ತಾರೆ, ನೀವು ಎಡಗೈಲಿ ತಿಂದರೆ ಸಾಕು, ಬಾಗಿಲು ಹಾಕ್ಕೊಂಡು ತಿನ್ನಿ, ಯಾರೂ ನೋಡಲ್ಲ.

"ನನ್ನ ಕೈಯಾಗೆ ಆಗಾಕಿಲ್ಲ."

"ಪ್ರಯತ್ನ ಆದ್ರೂ ಮಾಡಿ ಅತ್ತೆ."

"ಆಗಾಕಿಲ್ಲ ಅಂದ್ನಲ್ಲ. ಓಗೋದಾದ್ರೆ ಓಗು. ನಾನೇನು ಹಿಡ್ಕಂಡಿದ್ದೀನಾ? ಹತ್ತು ದಿನ ಉಪಾಸ ಇದ್ರೆ ಏನು, ಸತ್ತೋಗ್ತೀನಾ?"

ನಮ್ಮವರ ಹತ್ತಿರ ಹೋಗಿ ರೇಗಾಡಿದೆ. ಅವರು ತಲೆ ಕೆರೆದುಕೊಂಡು, ರಜೆ ಬೇಕಾದರೆ ಹಾಕ್ತೀನಿ ಕಣೇ, ಆದರೆ ಅವ್ವ ಬಾಯಿ ಬಿಡಬೇಕಲ್ಲ ಅಂದರು. ನಿಜವೇ. ಮೇಡಂಗೆ ಮಾತ್ರ, ಒಂದು ತಿಂಗಳು ಟೈಮ್ ಕೊಡಿ, ಹೇಳ್ತೀನಿ ಅಂದಿದ್ದೆ.

ಅದಾಗಿ ಎರಡು ವಾರಕ್ಕೆ ಕಾಗದ ತರೋಕೆ ಬಂಗಾರಪೇಟೆಗೆ ಹೋದೆ. ಅಲ್ಲಿ ಲಗ್ನಪತ್ರಿಕೆ ಅಚ್ಚು ಮಾಡೋ ಪ್ರೆಸ್ಸಿನೋರು ದಪ್ಪ ಹಾಳೆಯನ್ನ ನನ್ನ ಅಳತೆಗೆ ಕತ್ತರಿಸಿ ಕೊಡ್ತಾರೆ. ಹನ್ನೆರಡೂವರೆಗೆ ಮನೆ ಸೇರೋ ಲೆಕ್ಕ. ಆದರೆ ಹಾಳಾದ ರೈಲು ಹೊರಟ ಹತ್ತು ನಿಮಿಷಕ್ಕೇ ಬಯಲಲ್ಲಿ ನಿಂತುಬಿಟ್ಟಿತು. ಫೋನ್ ಮಾಡೋಣ ಅಂದರೆ ಅತ್ತೆ ಫೋನ್ ಎತ್ತಲ್ಲ, ಇವರು ಶಿಫ್ಟಿನಲ್ಲಿ. ಒಂದಾಯ್ತು, ಎರಡಾಯ್ತು. ಪಾಪ ಮುದುಕಿ ಹಸ್ಕೊಂಡಿರ್ತಾರೆ, ಮಾತ್ರೆ ಬೇರೆ ತಗೋಬೇಕು. ಸ್ಟೇಷನ್ನಿನಿಂದ ಕಾಗದದ ಸುರುಳಿ ಕಂಕುಳಲ್ಲಿಟ್ಟುಕೊಂಡು ಓಡಿದೆ. ಮೂರು ಗಂಟೆ ಮೇಲಾಗಿತ್ತು.

ಗೇಟು ದಾಟಿದವಳು ಮುಂದಿನ ಕೋಣೆಯ ಕಿಟಕಿಯಿಂದ ಒಳಗೆ ನೋಡಿದೆ. ಅತ್ತೆ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮುಂದೆ ಬೆಳಗ್ಗಿನ ಮುದ್ದೆಯ ಪಾತ್ರೆ, ಬಸ್ಸಾರಿನ ಬಟ್ಟಲು. ಎಡಗೈಯಲ್ಲಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು ನುಂಗುತ್ತಿದ್ದರು. ತಡವರಿಕೆ ಇಲ್ಲ, ನಡುಕ ಇಲ್ಲ, ತುತ್ತು ನೆಟ್ಟಗೆ ಬಾಯಿಗೇ ಹೋಗುತ್ತಿತ್ತು. ಮೊದಲ ಸಲ ತಿನ್ನೋರ ಕೈ ಹಾಗೆ ಆಡಲ್ಲ. ಮೊಣಕೈವರೆಗೂ ಹರಿದ ಸಾರನ್ನ ಸೆರಗಿನಿಂದ ಒರೆಸಿಕೊಂಡರು. ಬಿಸಿಲಲ್ಲಿ ಓಡಿಬಂದ ನಾನು ಬೆವರು ಒರೆಸೋದನ್ನೂ ಮರೆತು ನಿಂತೆ. ಆಮೇಲೆ ಸದ್ದಿಲ್ಲದೆ ಗೇಟಿನ ಆಚೆ ಹೋಗಿ, ಬೇಕಂತಲೇ ಚಿಲಕ ಢಣ್ ಅನ್ನಿಸಿ, ಸ್ವಲ್ಪ ಹೊತ್ತು ಬಿಟ್ಟು ಒಳಗೆ ಬಂದೆ. ಪಾತ್ರೆ ಮಂಚದ ಕೆಳಗೆ ಹೋಗಿತ್ತು. ಅತ್ತೆ ಹಾಸಿಗೆ ಮೇಲೆ. "ಇಷ್ಟೊತ್ತಾ ಬರೋದು? ಒಟ್ಟೆ ಬೆನ್ನಿಗೆ ಅಂಟ್ಕಂಡೋಯ್ತು" ಅಂದರು. ನಾನು ತುತ್ತು ಕೊಟ್ಟೆ. ಪುಣ್ಯಾತ್ಗಿತ್ತಿ ಅದನ್ನೂ ತಿಂದರು!

ಮೈಯೆಲ್ಲಾ ಉರಿದುಹೋಯಿತು. ನೀವು ತಿಂದಿದ್ದನ್ನ ನೋಡಿದೆ ಅಂತ ಮುಖಕ್ಕೆ ಹೇಳಿಬಿಡಬೇಕು ಅಂತ ನೂರು ಸಲ ಬಾಯಿವರೆಗೂ ಬಂತು. ಹೇಳೋಕಾಗಲಿಲ್ಲ. ಎಪ್ಪತ್ತು ದಾಟಿದ ಹೆಂಗಸು ಕದ್ದು ತಿಂದಿದ್ದನ್ನ ಎದುರಿಗೆ ಆಡೋದು ಹೇಗೆ? ಆಡದೆ ಇದ್ದರೆ ನನ್ನ ಹತ್ತು ದಿನ ಹೋಯಿತು. ಆ ಸಿಟ್ಟಿನಲ್ಲೇ ಅಡುಗೆಮನೆ ಬಾಗಿಲು ಹಾಕಿಕೊಂಡು, ಹೊಸ ಲಿನೋ ಮೇಲೆ ಕಂಡಿದ್ದನ್ನ ಕಂಡ ಹಾಗೇ ಬರೆದೆ. ಎಡಗೈ, ಹರಿದ ಸಾರು, ಮಡಿಲಲ್ಲಿ ಸತ್ತ ಹಾಗೆ ಬಿದ್ದಿರೋ ಬಲಗೈ, ಎಲ್ಲಾ. ಮೂರು ದಿನ ಕೆತ್ತಿದೆ. ಬಾಯಲ್ಲಿ ಹೇಳೋಕಾಗದ್ದನ್ನ ಇದೇ ಹೇಳಲಿ, ಮುಂದೆ ಹಿಡಿದು ಸುಮ್ಮನೆ ನಿಂತರೆ ಸಾಕು ಅನ್ನೋದು ನನ್ನ ಯೋಚನೆ.

ಮಸಿ ಸವರಿ, ಕಾಗದ ಇಟ್ಟು, ಸೌಟಿನಲ್ಲಿ ಉಜ್ಜಿ, ಮೂಲೆ ಹಿಡಿದು ಎತ್ತಿದೆ. ನೋಡಿದರೆ ಅತ್ತೆ ಬಲಗೈಯಲ್ಲಿ ಊಟ ಮಾಡ್ತಾ ಇದ್ದಾರೆ.

ಅಚ್ಚಿನಲ್ಲಿ ಎಡ ಬಲ ಅದಲುಬದಲಾಗುತ್ತೆ. ಈ ಕೆಲಸಕ್ಕೆ ಕೈ ಹಾಕಿದ ಮೊದಲ ದಿನ ಕಲಿಯೋ ಪಾಠ ಅದು. ಅದಕ್ಕೇ ಯಾವಾಗಲೂ ತೆಳು ಕಾಗದದ ಮೇಲೆ ಬರೆದು, ಮಗುಚಿಹಾಕಿ, ಆಮೇಲೆ ಲಿನೋಗೆ ಇಳಿಸಿಕೊಳ್ತೀನಿ. ಆವತ್ತು ಕೋಪದಲ್ಲಿ ನೇರ ಬರೆದುಬಿಟ್ಟಿದ್ದೆ. ಲಿನೋ ಮೇಲೆ ಎಡಗೈ, ಕಾಗದದ ಮೇಲೆ ಬಲಗೈ. ಮುಖಕ್ಕೆ ಹಿಡೀಬೇಕು ಅಂತ ಮಾಡಿದ ಸಾಕ್ಷಿ ಅವರ ಪರವಾಗೇ ಮಾತಾಡ್ತಾ ಇತ್ತು. ನನಗೆ ನಗು ಬಂತು, ಅಳುನೂ ಬಂತು. ಮಾಡಿದ್ದು ಹಾಳಾಗೋದು ಬೇಡ ಅಂತ ಮುಂದಿನ ಕೋಣೆಯಲ್ಲಿ ಕಟ್ಟಿದ್ದ ದಾರಕ್ಕೆ ಕ್ಲಿಪ್ಪು ಹಾಕಿ ಒಣಗೋಕೆ ಬಿಟ್ಟೆ.

ಅತ್ತೆ ಟಿ.ವಿ. ಆರಿಸಿ ಅದನ್ನ ನೋಡಿದರು. ನನ್ನ ಒಂದು ಚಿತ್ರವನ್ನೂ ಅಲ್ಲಿವರೆಗೆ ಅವರು ಸರಿಯಾಗಿ ನೋಡಿದ್ದಿಲ್ಲ. ಕೋಲೂರಿಕೊಂಡು ಎದ್ದು ಹತ್ತಿರ ಹೋಗಿ ನಿಂತರು.

"ಇದು ನಾನಲ್ವೇನೇ?"

"ಹೂಂ."

"ನಾನು ಚೆಂದಾಗಿದ್ದಾಗಿನ್ದು." ಚಿತ್ರದ ಕೈಯನ್ನ ಬೆರಳಲ್ಲಿ ಮುಟ್ಟೋಕೆ ಹೋಗಿ, ಮಸಿ ಹಸಿ ಅಂತ ತಾವೇ ಹಿಂದಕ್ಕೆ ತಗೊಂಡರು. "ನೆಪ್ಪಿಟ್ಕಂಡಿದ್ದೀಯಲ್ಲೇ, ನಾನು ಎಂಗೆ ತಿಂತಿದ್ದೆ ಅಂತ." ಕಣ್ಣು ತುಂಬಿ ಬಂದಿತ್ತು. ನನಗೆ ನೆಲ ಬಾಯಿಬಿಡಬಾರದಾ ಅನ್ನಿಸಿತು.

ಅವರ ಹಾಸಿಗೆಯ ಎದುರಿಗೇ ಮೊಳೆ ಹೊಡೆಸಿದರು. ಹಾಲಿನವನು ಬಂದರೆ ತೋರಿಸಿದರು, ಗ್ಯಾಸಿನವನು ಬಂದರೆ ತೋರಿಸಿದರು. ಎದುರು ಮನೆಯಾಕೆಗೆ ತೆಲುಗಿನಲ್ಲಿ ವಿವರಿಸಿದರು, ಆಕೆ ಅರ್ಥ ಆಗದೆ ತಲೆಯಾಡಿಸಿದಳು. ಅತ್ತ ಬೆಂಗಳೂರಿನ ಮೇಡಂ, ನಾನು ಕಳಿಸಿದ ಫೋಟೋ ನೋಡಿ, ಆ ಅಜ್ಜಿ ಮುಖದಲ್ಲಿ ಎಂಥಾ ನೆಮ್ಮದಿ ರೀ, ಊಟದ ಮನೆಗೆ ಅಂತ ಎಲ್ಲಾ ಅದನ್ನೇ ಕೇಳ್ತಿದಾರೆ, ಬನ್ನಿ, ದೊಡ್ಡ ಯಂತ್ರದಲ್ಲಿ ದೊಡ್ಡದಾಗಿ ತೆಗೆಯೋಣ ಅಂತ ಬೆನ್ನು ಬಿದ್ದರು. ನೆಮ್ಮದಿಯಂತೆ! ನಾನು ಕಿಟಕಿ ಮುಚ್ಚಿಕೊಂಡು ಒಂದರ ಮೇಲೊಂದು ಸುಳ್ಳು ಒತ್ತುತ್ತಾ ಕೂತೆ. ಹೊತ್ತು ಹೊತ್ತಿಗೆ ಎದ್ದು ಬಂದು, ಆ ಚಿತ್ರದ ಕೆಳಗೇ ಕೂತು, ಅವರಿಗೆ ತುತ್ತು ಕೊಡುತ್ತಿದ್ದೆ. ಸತ್ಯ ಹೇಳೋ ದಾರಿ ನಾನೇ ಮುಚ್ಚಿಕೊಂಡಿದ್ದೆ.

ದಿನಾ ಅದನ್ನೇ ನೋಡುತ್ತಾ ಮಲಗೋ ಮನುಷ್ಯರಿಗೆ ಏನು ತಾನೇ ಕಾಣಲ್ಲ? ತಿಂಗಳ ಗಡುವಿಗೆ ಇನ್ನೆರಡು ದಿನ ಇತ್ತು. ಮಧ್ಯಾಹ್ನ ಮೊದಲ ತುತ್ತು ಕೊಡೋಕೆ ಕೈ ಎತ್ತಿದ್ದೆ.

"ಮೂಗುಬೊಟ್ಟು ಯಾಕೆ ಎಡಗಡೀಕೆ ಬಂದೈತೆ?" ಅಂದರು. "ನಂದು ಬಲಗಡೆ ಅಲ್ವಾ? ಸೆರಗೂ ಆ ಭುಜಕ್ಕೆ ಓಗೈತೆ."

"ಅಚ್ಚು ಒತ್ತಿದರೆ ಎಲ್ಲಾ ಉಲ್ಟಾ ಆಗುತ್ತೆ ಅತ್ತೆ" ಅಂದೆ. ಅನ್ನುತ್ತಾ ಅನ್ನುತ್ತಾ ನನ್ನ ಮಾತು ನನಗೇ ಕೇಳಿಸಿತು. ತುತ್ತು ಹಿಡಿದ ಕೈ ಅಲ್ಲೇ ನಿಂತಿತು.

"ಎಲ್ಲಾನೂ?"

"ಎಲ್ಲಾನೂ."

ಅವರು ಚಿತ್ರ ನೋಡಿದರು. ತಮ್ಮ ಎಡಗೈ ನೋಡಿಕೊಂಡರು. ಆ ಕೈಯಿಂದಲೇ ಸೆರಗು ಎತ್ತಿ ಬಾಯಿಗೆ ಅಡ್ಡ ಹಿಡಿದುಕೊಂಡರು. "ಯಾವತ್ತು ನೋಡ್ದೆ?"

"ರೈಲು ತಡವಾದ ದಿನ." ತುತ್ತನ್ನ ತಟ್ಟೆಗೆ ಹಾಕಿದೆ. ತಡೆದುಕೊಂಡಿದ್ದೆಲ್ಲ ಒಟ್ಟಿಗೇ ಬಂತು. "ಎರಡೂವರೆ ವರ್ಷ ಅತ್ತೆ! ತಿನ್ನೋಕೆ ಬರೋದಾದರೆ ಯಾಕೆ ನನ್ನನ್ನ ಹಿಂಗೆ ಕಟ್ಟಿಹಾಕಿದ್ರಿ? ನಾನೇನು ದ್ರೋಹ ಮಾಡಿದ್ದೆ ನಿಮಗೆ?"

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ತಿನ್ನಾಕೆ ಬತ್ತದೆ ಕಣೇ" ಅಂದರು. "ಮೊದಮೊದ್ಲು ನಿಜವಾಗ್ಲೂ ಅಸಯ್ಯ ಆಯ್ತಿತ್ತು. ಆಮ್ಯಾಕೆ ಬಂತು. ನಾನೇ ತಿಂದ್ರೆ ನೀನು ತಟ್ಟೆ ಇಟ್ಟು ಒಳೀಕೆ ಓಗ್ತೀಯ, ಬಾಗ್ಲು ಹಾಕ್ಕಂತೀಯ. ಅವನು ಡೂಟಿಗೆ ಓಗ್ತಾನೆ. ಇಲ್ಲಿ ನನ್ನ ಜೊತೆ ಮಾತಾಡೋರು ಯಾರವ್ರೆ ಏಳು? ತುತ್ತು ಕೊಡೋವಾಗ ಕೂತ್ಕಂತೀಯ. ಅಷ್ಟೇಯಾ."

ಅದು ಸುಳ್ಳು ಅಂತ ತೋರಿಸೋಕೆ ಒಂದೇ ಒಂದು ದಿನವೂ ನನ್ನ ನೆನಪಿಗೆ ಬರಲಿಲ್ಲ. ಮೆಟ್ಟಿಲ ಮೇಲೆ ಕೂತ ತಾಯಿ ಮಗಳನ್ನ, ರೈಲಿನಲ್ಲಿ ಒರಗಿಕೊಂಡ ಅಪರಿಚಿತರನ್ನ ಹುಡುಕಿ ಹುಡುಕಿ ಬರೆದವಳು ನಾನು. ಆಹಾ, ಎಂಥಾ ಕಣ್ಣು ನಿಮ್ಮದು ಅಂತ ಬೆಂಗಳೂರಿನೋರು ಹೊಗಳಿದಾಗ ಉಬ್ಬಿದವಳೂ ನಾನೇ. ಈ ಮನುಷ್ಯಳ ಪಕ್ಕದಲ್ಲಿ, ತಟ್ಟೆ ಇಲ್ಲದೆ, ಸುಮ್ಮನೆ ಒಂದು ಹತ್ತು ನಿಮಿಷ ಕೂತಿರಲಿಲ್ಲ. ನಾಚಿಕೆ ಆಯಿತು. ನಾಚಿಕೆ ಆಗಿದ್ದಕ್ಕೂ ಸಿಟ್ಟು ಬಂತು, ಯಾಕೆಂದರೆ ಸಿಟ್ಟೊಂದೇ ನನ್ನನ್ನ ರೈಲಿಗೆ ಹತ್ತಿಸಬಹುದಾಗಿತ್ತು, ಅದು ನನ್ನ ಕೈತಪ್ಪಿ ಹೋಗ್ತಾ ಇತ್ತು.

ಅತ್ತೆ ತಟ್ಟೆಯನ್ನ ತಮ್ಮ ಕಡೆಗೆ ಎಳೆದುಕೊಂಡರು. "ಓಗು ನೀನು. ಹತ್ತು ದಿನಾ ಓಗಿ ಬಾ. ನಾನು ತಿಂತೀನಿ" ಅಂದು, ನನ್ನ ಎದುರಿಗೇ, ನನ್ನನ್ನ ನೋಡದೆ, ಎಡಗೈಯನ್ನ ಮುದ್ದೆಗೆ ಹಾಕಿದರು. ಮೊದಲ ತುತ್ತು ಜಾರಿ ಸೀರೆ ಮೇಲೆ ಬಿತ್ತು. ಎತ್ತಿಕೊಡೋಕೆ ಹೋದೆ. ಬೇಡ ಅಂತ ತಲೆಯಾಡಿಸಿ, ತಾವೇ ಎತ್ತಿಕೊಂಡು ತಿಂದರು.

ಗಡುವಿನ ದಿನ ಮೇಡಂ ತಾವೇ ಫೋನ್ ಮಾಡಿದರು. ಕೋಣೆ ರೆಡಿ ಇದೆ, ಸೋಮವಾರ ಬೆಳಗಿನ ರೈಲಿಗೇ ಬಂದುಬಿಡಿ ಅಂದರು. ಇಸ್ತ್ರಿ ಮಾಡಿಸಿದ ನಾಲ್ಕು ಸೀರೆ ಬೀರುವಿನಲ್ಲಿ ಬೇರೆಯಾಗೇ ಇದ್ದವು. ಉಳಿಗಳನ್ನ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ರಜೆ ಹಾಕ್ತೀನಿ ಅಂತ ನಮ್ಮವರೂ ಮಾತು ಕೊಟ್ಟಿದ್ದರು. ಮುಂದಿನ ಕೋಣೆಯಲ್ಲಿ ಅತ್ತೆ ಟಿ.ವಿ. ಸದ್ದು ತಗ್ಗಿಸಿ, ಇತ್ತ ಕಿವಿ ಕೊಟ್ಟುಕೊಂಡು ಕೂತಿದ್ದರು.

"ಬರೋಕಾಗಲ್ಲ ಮೇಡಂ" ಅಂದೆ.

ಅವರಿಗೆ ನಿಜವಾಗಿಯೂ ಬೇಜಾರಾಯಿತು. "ಅದೇ ಅತ್ತೆ ಕಾಟಾನಾ? ಎಷ್ಟು ದಿನ ಹೀಗೆ ಇರ್ತೀರ? ಫೋನ್ ಕೊಡಿ, ನಾನು ಮಾತಾಡ್ತೀನಿ. ಯಾರು ನಿಮ್ಮನ್ನ ಬಿಡ್ತಾ ಇಲ್ಲ, ಹೇಳಿ."

ಎರಡೂವರೆ ವರ್ಷದಿಂದ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ತಯಾರಿತ್ತು, ಅತ್ತೆ ಅಂತ.

"ಯಾರೂ ಇಲ್ಲ" ಅಂದೆ.